ಮುಖ ಕಾಣದ ಅಂಗಡಿ

ವ್ಯಾಪಾರಿಯ ಸ್ವಭಾವವು ವ್ಯಾಪಾರದ ರೀತಿಯನ್ನು ರೂಪಿಸುತ್ತದೆ ಎಂಬುದು ಹೊಸ ಮಾತೇನಲ್ಲ. ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ ಸಂಗತಿ ಕನ್ನಡಿಗರಿಗೆ ತಿಳಿದೇ ಇದೆ. ಆ ಮಾರಾಟದ ಕ್ರಮದಲ್ಲಿ ಅವರ ನಿಷ್ಠೆಯೇ ಕಾಣುತ್ತದೆ. ನಮ್ಮ ಬೀದಿಯ ಅಂಗಡಿಯಲ್ಲಿಯೂ ಗಿರಾಕಿಯು ಮೊದಲು ನೋಡುವುದು ಅಂಗಡಿಕಾರನ ಮುಖವನ್ನು; ಅಕ್ಕಿಬೇಳೆಯ ಪರೀಕ್ಷೆ ಆಮೇಲಿನದು. ಆದರೆ ಅಂತರ್ಜಾಲದ ಅಂಗಡಿಯಲ್ಲಿ ಮುಖವೇ ಕಾಣದು. ಹಾಗಾದರೆ ಒಡೆಯನ ಸ್ವಭಾವಕ್ಕೆ ಅಲ್ಲಿ ಎಡೆಯಿಲ್ಲವೆ?

ಇದೆ. ಅಲ್ಲಿ ಅದು ಅಂಗಡಿಯ ನಿಯಮಗಳಲ್ಲಿ ಕಾಣಿಸಿಕೊಳ್ಳುತ್ತದೆ. 1995ರಲ್ಲಿ, ಎರಡು ತಿಂಗಳ ಅಂತರದಲ್ಲಿ ಅಮೆರಿಕದಲ್ಲಿ ಬಾಗಿಲು ತೆರೆದ ಎರಡು ಸಣ್ಣ ಉದ್ಯಮಗಳನ್ನು ಇದಕ್ಕೆ ನಿದರ್ಶನವಾಗಿ ನೋಡಬಹುದು.

ಜೆಫ್ ಬೆಜೋಸ್ ನ್ಯೂಯಾರ್ಕಿನ ಹಣಕಾಸು ಸಂಸ್ಥೆಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. 1994ರಲ್ಲಿ ಅದನ್ನು ತೊರೆದು, ಸಿಯಾಟಲ್ ಬಳಿಯ ಮನೆಯೊಂದರ ಗ್ಯಾರೇಜಿನಲ್ಲಿ ಕೆಲಸಕ್ಕೆ ಕುಳಿತರು. ಲೆಕ್ಕ ಹಾಕಿ ಹೆಜ್ಜೆಯಿಡುವ, ಇಟ್ಟ ಹೆಜ್ಜೆಯನ್ನು ಹಿಂತೆಗೆಯದ ಸ್ವಭಾವ ಅವರದು. ಮಾರಬಹುದಾದ ಸುಮಾರು 20 ಬಗೆಯ ಸರಕುಗಳನ್ನು ಪಟ್ಟಿಮಾಡಿ, ಪುಸ್ತಕವನ್ನು ಆರಿಸಿಕೊಂಡರು. ಸಾಹಿತ್ಯಪ್ರೀತಿಗಿಂತ ಹೆಚ್ಚಾಗಿ ಇಲ್ಲಿ ಕೆಲಸಮಾಡಿದ್ದು ಒಂದು ಲೆಕ್ಕ: ಲೋಕದಲ್ಲಿ ಅಚ್ಚಾಗಿ ದೊರೆಯುವ ಪುಸ್ತಕಗಳೆಲ್ಲವನ್ನೂ ಯಾವ ಕಟ್ಟಡವೂ ಹಿಡಿಸಲಾರದು, ಅಂತರ್ಜಾಲದ ಪಟ್ಟಿ ಹಿಡಿಸಬಲ್ಲದು. ಬಾಗಿಲ ಹಲಗೆಗೆ ಕಾಲು ಜೋಡಿಸಿ ಮೇಜು ಮಾಡಿಕೊಂಡ ಮಿತವ್ಯಯ, ಇಂದಿನ ಲಾಭವನ್ನು ನಾಳಿನ ವಿಸ್ತಾರಕ್ಕಾಗಿ ಬಿಟ್ಟುಕೊಡುವ ಹಟ, ಇವೆರಡೂ ಅಮೆಜಾನಿನ ನೀತಿಯಾದವು. ಸಂಸ್ಥೆಯು ಮೊದಲ ತ್ರೈಮಾಸಿಕ ಲಾಭವನ್ನು ಕಂಡದ್ದು 2001ರ ಕೊನೆಯಲ್ಲಿ.

ಪಿಯರ್ ಒಮಿಡ್ಯಾರ್ ಬೇರೆಯ ಬಗೆಯವರು. ಕ್ಯಾಲಿಫೋರ್ನಿಯದ ಈ ಕಂಪ್ಯೂಟರ್ ತಜ್ಞರಿಗೆ ಮನುಷ್ಯರು ಮೂಲತಃ ಒಳ್ಳೆಯವರೆಂಬ ನಂಬಿಕೆ. ಬೆಜೋಸ್ ಅಂಗಡಿ ಕಟ್ಟಿದರೆ, ಇವರು ಸಂತೆಯೊಂದನ್ನು ನೆರೆಯಿಸಿದರು. ಮುಂದೆ ‘ಈಬೇ’ ಎಂದು ಹೆಸರಾದ ಆ ಹರಾಜಿನ ತಾಣದಲ್ಲಿ ಮೊದಲು ಮಾರಿಹೋದದ್ದು ಕೆಟ್ಟುಹೋದ ಒಂದು ಲೇಸರ್ ಪಾಯಿಂಟರ್. ಅದರ ಬೆಲೆ 14.83 ಡಾಲರ್. ಒಡೆಯರಲ್ಲಿ ದಾಸ್ತಾನಿಲ್ಲ, ಉಗ್ರಾಣವಿಲ್ಲ. ಮಾರಿದವರು ತಮ್ಮ ಶುಲ್ಕವನ್ನು ತಾವಾಗಿಯೇ ಅಂಚೆಯಲ್ಲಿ ಕಳಿಸಬೇಕು. ಬಹುಮಂದಿ ಕಳಿಸಿದರು ಕೂಡ. ಜಗಳಗಳು ಹೆಚ್ಚಿದಾಗ, 1996ರಲ್ಲಿ, ಕೊಂಡವರೂ ಮಾರಿದವರೂ ಒಬ್ಬರನ್ನೊಬ್ಬರು ಕುರಿತು ಬಹಿರಂಗವಾಗಿ ಅಭಿಪ್ರಾಯ ಬರೆಯುವ ಏರ್ಪಾಡನ್ನು ಮಾಡಿದರು. ಒಬ್ಬ ಮನುಷ್ಯನ ನಂಬಿಕೆಯೇ ಹೀಗೆ ವ್ಯಾಪಾರದ ವಿಧಿಯಾಯಿತು.

ಸ್ವಭಾವವೊಂದೇ ಸಾಲದೆಂಬುದೂ ನಿಜ. ಬೆಜೋಸರ ತಾಳ್ಮೆಯ ಬೆನ್ನಿಗೆ ಅವರ ತಂದೆತಾಯಿ 1995ರಲ್ಲಿ ತೊಡಗಿಸಿದ ಸುಮಾರು 2.45 ಲಕ್ಷ ಡಾಲರ್ ಹಣವೂ ಇತ್ತು. ಅಲ್ಲದೆ, ಕಟ್ಟಿದ ಗುಣವೇ ಬೆಳೆದ ಸಂಸ್ಥೆಯನ್ನು ನಡೆಸಲು ತಕ್ಕ ಗುಣವಾಗಿರಬೇಕೆಂದಿಲ್ಲ. ಒಮಿಡ್ಯಾರ್ ಇದನ್ನು ಅರಿತವರು. 1998ರಲ್ಲಿ ಆಡಳಿತದಲ್ಲಿ ಪಳಗಿದ ಮೆಗ್ ವಿಟ್ಮನ್ ಅವರನ್ನು ಕರೆತಂದು ಕಾರ್ಯಭಾರವನ್ನು ಒಪ್ಪಿಸಿದರು.

ದೊಡ್ಡ ಸಂಸ್ಥೆಯಲ್ಲಿ ಒಬ್ಬನ ಆತುರವನ್ನು ಇನ್ನೊಬ್ಬನು ತಡೆದಾನು. ಒಬ್ಬಿಬ್ಬರೇ ನಡೆಸುವ ಅಂಗಡಿಯಲ್ಲಿ ತಡೆಯುವವರಿಲ್ಲ; ಒಡೆಯನ ಸಂಶಯ, ಔದಾರ್ಯ, ಜಿಪುಣತನಗಳೆಲ್ಲ ಸರಕನ್ನು ಹಿಂದಕ್ಕೆ ಪಡೆಯುವ ನಿಯಮದಲ್ಲಿ, ದೂರಿಗೆ ಕೊಡುವ ಉತ್ತರದಲ್ಲಿ ನೇರವಾಗಿ ಇಳಿಯುತ್ತವೆ. ಗೆದ್ದವರ ಕ್ರಮವನ್ನು ನಕಲುಮಾಡುವುದು ಸುಲಭ. ಆದರೆ ಕಾಯಲಾರದವನಿಗೆ ಬೆಜೋಸರ ದಾರಿಯಾಗಲಿ, ಯಾರನ್ನೂ ನಂಬಲಾರದವನಿಗೆ ಒಮಿಡ್ಯಾರರ ದಾರಿಯಾಗಲಿ ಬಹುದಿನ ಒಗ್ಗದು. ಹೊಸದಾಗಿ ವ್ಯಾಪಾರಕ್ಕಿಳಿಯುವವರು ಪೇಟೆಯನ್ನು ಅಭ್ಯಾಸಮಾಡುವಷ್ಟೇ ಶ್ರದ್ಧೆಯಿಂದ ತಮ್ಮನ್ನು ತಾವು ಅಭ್ಯಾಸಮಾಡುವುದು ಲೇಸು.