ನಾಯಿ ಕಟ್ಟಿದ ಅಂಗಳಕ್ಕೆ ಚಿರತೆ ಏಕೆ ಬರುತ್ತದೆ?

ಕಳೆದ ನವೆಂಬರ್‌ನಲ್ಲಿ ಮಧ್ಯವಾರ್ಷಿಕ ಪರೀಕ್ಷೆ ನಡೆಯುತ್ತಿತ್ತು. ಲೆಕ್ಕಶಾಸ್ತ್ರದ ಪರೀಕ್ಷೆಯ ದಿನ ನಾನು ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಓದುತ್ತಾ ಕುಳಿತಿದ್ದೆ. ಫಜರ್ ನಮಾಜಿಗೆ ಹೊರಡುವ ಅಬ್ಬಾ ಗೇಟು ತೆರೆದರೆ ಸಾಕು, ಪಕ್ಕದ ಮನೆಯ ಕರಿಯ ಬೊಗಳುತ್ತಿತ್ತು. ಅದು ದಿನವೂ ಇದ್ದದ್ದೇ. ಅಂದು ಬೊಗಳಲಿಲ್ಲ. ಓದುವ ಗಡಿಬಿಡಿಯಲ್ಲಿ ನಾನು ಅದನ್ನು ಗಮನಿಸಲೂ ಇಲ್ಲ. ಬೆಳಕಾದ ಮೇಲೆ ನೋಡಿದರೆ ತೆಂಗಿನ ಮರಕ್ಕೆ ಕಟ್ಟಿದ್ದ ಸರಪಳಿ ಹಾಗೇ ಇತ್ತು, ಅದರ ತುದಿಯಲ್ಲಿ ಹರಿದ ಕುತ್ತಿಗೆಪಟ್ಟಿ ಮಾತ್ರ ಉಳಿದಿತ್ತು. ಪಕ್ಕದ ಮನೆಯ ಅಜ್ಜ ಅದನ್ನು ಕೈಯಲ್ಲಿ ಹಿಡಿದುಕೊಂಡು, "ಒಂದ್ ಸದ್ದೂ ಆಯ್ಲ ಮಾರಾಯ್ತಿ" ಎಂದರು.

ಅರಣ್ಯ ಇಲಾಖೆಯವರು ಬಂದು ಬಾವಿಯ ಹತ್ತಿರದ ಕೆಸರಿನಲ್ಲಿ ಹೆಜ್ಜೆ ಗುರುತು ತೋರಿಸಿದರು. ನಾಯಿಯ ಹೆಜ್ಜೆಯಲ್ಲಿ ಉಗುರಿನ ಗುರುತು ಕಾಣುತ್ತದೆ. ಚಿರತೆ ನಡೆಯುವಾಗ ಉಗುರನ್ನು ಒಳಗೆ ಎಳೆದುಕೊಳ್ಳುವುದರಿಂದ ಅದರ ಹೆಜ್ಜೆಯಲ್ಲಿ ಬೆರಳು ಮತ್ತು ಅಂಗಾಲಿನ ದುಂಡನೆಯ ಗುರುತಷ್ಟೇ ಇರುತ್ತದೆ. ನಮ್ಮ ಅಂಗಳದಲ್ಲಿದ್ದದ್ದು ಉಗುರಿಲ್ಲದ ಹೆಜ್ಜೆ.

ನಮ್ಮ ಕಾಲೇಜಿಗೆ ಬೈಂದೂರು, ಕುಂದಾಪುರ, ಬ್ರಹ್ಮಾವರ ಮೂರೂ ಕಡೆಯಿಂದ ಬರುವವರಿದ್ದಾರೆ. ಇಂಥ ಕಥೆ ಯಾರ ಊರಿನಲ್ಲಿ ಇಲ್ಲ? ಈ ಲೇಖನ ಬರೆಯುತ್ತೇನೆಂದು ಹೇಳಿದಾಗ ನನ್ನ ತರಗತಿಯಲ್ಲೇ ನಾಲ್ಕು ಜನ ತಮ್ಮ ಮನೆಯ ನಾಯಿಯ ಕಥೆ ಹೇಳಿದರು. ಎಲ್ಲರೂ ಕೊನೆಗೆ ಒಂದೇ ಮಾತು ಹೇಳಿದರು: ಕಾಡು ಕಡಿದರು, ಪಾಪ ಅದಕ್ಕೆ ತಿನ್ನಲು ಇಲ್ಲ, ದಾರಿ ತಪ್ಪಿ ಊರಿಗೆ ಬಂತು. ನಾನೂ ಹಾಗೆಯೇ ತಿಳಿದಿದ್ದೆ. ಓದಿ ನೋಡಿದ ಮೇಲೆ ಅದು ಅರ್ಧ ನಿಜ ಮಾತ್ರ ಎಂದು ಗೊತ್ತಾಯಿತು.

ಮೊದಲು ಹೆಸರಿನ ವಿಷಯ. ನಮ್ಮ ಮನೆಯಲ್ಲಿ ಉರ್ದುವಿನಲ್ಲಿ ಎಲ್ಲರೂ ಇದನ್ನು "ಚೀತಾ" ಎನ್ನುತ್ತಾರೆ. ಅದು ತಪ್ಪು. ನಿಜವಾದ ಚೀತಾ ಬೇರೆ ಪ್ರಾಣಿ. ಭಾರತದಲ್ಲಿ ಅದು ಅಳಿದಿದೆ ಎಂದು 1952ರಲ್ಲಿ ಘೋಷಿಸಿದ್ದರು, 2022ರಲ್ಲಿ ನಮೀಬಿಯಾದಿಂದ ತಂದು ಮಧ್ಯಪ್ರದೇಶದ ಕುನೋದಲ್ಲಿ ಬಿಟ್ಟರು. ನಮ್ಮ ಹಾಡಿಯಲ್ಲಿರುವುದು ಚಿರತೆ, ಉರ್ದುವಿನಲ್ಲಿ ತೇಂದುವಾ, ತುಳುವಿನಲ್ಲಿ ಚಿಟ್ಟೆ ಪಿಲಿ. ದಾದಿಗೆ ಇದನ್ನು ಹೇಳಿದೆ. "ಹೆಸರು ಯಾವುದಾದರೇನು, ಬಕ್ರಾವನ್ನು ಒಳಗೆ ಕಟ್ಟು" ಎಂದರು.

2022ರ ಗಣತಿಯ ವರದಿಯ ಪ್ರಕಾರ ದೇಶದಲ್ಲಿ ಸುಮಾರು 13,874 ಚಿರತೆಗಳಿವೆ, ಕರ್ನಾಟಕದಲ್ಲಿ 1,879. ಮಧ್ಯಪ್ರದೇಶ ಮತ್ತು ಮಹಾರಾಷ್ಟ್ರದ ನಂತರ ನಮ್ಮದೇ ಮೂರನೆಯ ಸ್ಥಾನ. ನಮ್ಮ ಪೂರ್ವಕ್ಕೆ ಕೊಲ್ಲೂರಿನ ಮೂಕಾಂಬಿಕಾ ಅಭಯಾರಣ್ಯ, ಹೆಬ್ರಿ ಕಡೆ ಸೋಮೇಶ್ವರ ಅಭಯಾರಣ್ಯ ಇವೆ. ಆದರೆ ಚಿರತೆಗೆ ದೊಡ್ಡ ಕಾಡೇ ಬೇಕೆಂದಿಲ್ಲ. ನಮ್ಮ ಊರುಗಳನ್ನು ಅದರ ಕಣ್ಣಿನಿಂದ ನೋಡಿ. ಮನೆ, ಮನೆಯ ಹಿಂದೆ ಹಾಡಿ, ಹಾಡಿಯ ಆಚೆ ಕೆಂಪುಕಲ್ಲು ತೆಗೆದು ಮುಚ್ಚದೆ ಬಿಟ್ಟ ಕೋರೆ, ಅದರಾಚೆ ಗೇರು ತೋಪು, ಅಕೇಶಿಯಾ ನೆಡುತೋಪು. ಹಗಲು ಮಲಗಲು ಇಷ್ಟು ಸಾಕು. ರಾತ್ರಿ ಊಟಕ್ಕೆ ಹೆಗ್ಗಣದಿಂದ ಹಿಡಿದು ಕರುವಿನವರೆಗೆ ಏನಾದರೂ ಆದೀತು. ಎಲ್ಲಕ್ಕಿಂತ ಸುಲಭವಾಗಿ ಸಿಗುವುದು ನಾಯಿ.

ಇದು ನನ್ನ ಊಹೆಯಲ್ಲ. ಮಹಾರಾಷ್ಟ್ರದ ಅಕೋಲೆ ಎಂಬಲ್ಲಿ ಕಬ್ಬಿನ ಗದ್ದೆಗಳ ನಡುವೆ ಬದುಕುವ ಚಿರತೆಗಳ ಮಲವನ್ನು ಪರೀಕ್ಷಿಸಿ ವಿದ್ಯಾ ಆತ್ರೇಯ ಮತ್ತು ಸಂಗಡಿಗರು 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆ ಚಿರತೆಗಳ ಆಹಾರದಲ್ಲಿ ತೂಕದ ಲೆಕ್ಕದಲ್ಲಿ ಶೇಕಡಾ 87 ಭಾಗ ಸಾಕುಪ್ರಾಣಿಗಳೇ ಆಗಿದ್ದವು. ನಾಯಿಯೊಂದೇ ಶೇಕಡಾ 39. ಅಲ್ಲಿ ಆಡುಗಳ ಸಂಖ್ಯೆ ನಾಯಿಗಿಂತ ಬಹಳ ಹೆಚ್ಚಿತ್ತು, ಆದರೂ ಆಡು ಸಿಕ್ಕಿದ್ದು ಕಡಿಮೆ. ಏಕೆಂದರೆ ಆಡನ್ನು ಜನ ರಾತ್ರಿ ಒಳಗೆ ಕಟ್ಟುತ್ತಾರೆ, ನಾಯಿಯನ್ನು ಹೊರಗೆ ಬಿಡುತ್ತಾರೆ.

ಇದನ್ನು ಓದಿದಾಗ ನನಗೆ ಆ ನವೆಂಬರ್ ಬೆಳಗು ನೆನಪಾಯಿತು. ಕರಿಯನನ್ನು ಕಟ್ಟಿದ್ದ ತೆಂಗಿನ ಮರಕ್ಕೂ ನಾವು ಬಕ್ರೀದಿಗೆಂದು ಸಾಕುತ್ತಿದ್ದ ಆಡಿನ ಹಟ್ಟಿಗೂ ಇಪ್ಪತ್ತು ಹೆಜ್ಜೆ ದೂರವಿಲ್ಲ. ಆಡಿಗೆ ಬಾಗಿಲಿತ್ತು, ಕರಿಯನಿಗೆ ಸರಪಳಿಯಿತ್ತು. ಮನೆ ಕಾಯಲಿ ಎಂದು ನಾವು ನಾಯಿಯನ್ನು ಕಟ್ಟುತ್ತೇವೆ. ಬಿಟ್ಟಿದ್ದರೆ ಅದು ಓಡಿಯಾದರೂ ಹೋಗುತ್ತಿತ್ತೋ ಏನೋ. ನಿಜ ಹೇಳಬೇಕೆಂದರೆ ನಮ್ಮ ಹಟ್ಟಿಯ ಬಾಗಿಲಿಗೂ ಆಗ ಚಿಲಕವಿರಲಿಲ್ಲ, ಹಗ್ಗ ಸುತ್ತುತ್ತಿದ್ದೆ. ಆ ಕೆಲಸ ನನ್ನದು. ಎಷ್ಟೋ ದಿನ ಇಶಾ ನಮಾಜಿನ ನಂತರ ಸುತ್ತಿದ್ದುಂಟು, ಒಂದೆರಡು ದಿನ ಮರೆತದ್ದೂ ಉಂಟು.

ಹಾಗಾದರೆ ಏನು ಮಾಡಬೇಕು? ಕತ್ತಲಾಗುವ ಮೊದಲು ನಾಯಿ, ಬೆಕ್ಕು, ಆಡು, ಕೋಳಿ ಎಲ್ಲವೂ ನಾಲ್ಕು ಗೋಡೆಯ ಒಳಗೆ ಬರಬೇಕು. ಅಂಗಳದ ಕಾಂಪೌಂಡ್ ಗೋಡೆ ಲೆಕ್ಕಕ್ಕಿಲ್ಲ. ಆಳೆತ್ತರದ ಗೋಡೆಯನ್ನು ಚಿರತೆ ಆಟದಂತೆ ಹಾರುತ್ತದೆ, ಮರವನ್ನೂ ಹತ್ತುತ್ತದೆ. ಆದ್ದರಿಂದ ಗೂಡಿಗೆ ಮೇಲ್ಛಾವಣಿ ಬೇಕೇ ಬೇಕು. ಮೇಲೆ ತೆರೆದಿರುವ ಹಟ್ಟಿ ಇನ್ನೂ ಅಪಾಯ, ಒಳಗೆ ಹಾರಿದ ಚಿರತೆಯಿಂದ ತಪ್ಪಿಸಿಕೊಳ್ಳಲು ಪ್ರಾಣಿಗೆ ಜಾಗವಿರುವುದಿಲ್ಲ. ಕೋಳಿ ಗೂಡಿಗೆ ಹಾಕುವ ತೆಳು ಬಲೆ ಸಾಲದು, ವೆಲ್ಡಿಂಗ್ ಮಾಡಿದ ಕಬ್ಬಿಣದ ಜಾಲರಿ ಬೇಕು. ಜಾಲರಿಯ ಕಂಡಿಯಲ್ಲಿ ಚಿರತೆಯ ಪಂಜ ತೂರಬಾರದು. ಬಾಗಿಲಿಗೆ ಹೊರಗಿನಿಂದ ಚಿಲಕ. ಅಜ್ಜ ಮಾಡಿಸಿದ ಇಂಥ ಗೂಡಿಗೆ ನಾಲ್ಕೂವರೆ ಸಾವಿರ ರೂಪಾಯಿ ಆಯಿತು. ನಮ್ಮ ಆಡಿಗೆ ಹದಿನಾಲ್ಕು ಸಾವಿರ ಬೆಲೆ ಹೇಳಿದ್ದರು. ವಾಣಿಜ್ಯ ವಿಭಾಗದವರು ಇದರ ಲಾಭ ನಷ್ಟ ತಾವೇ ಲೆಕ್ಕ ಹಾಕಬಹುದು.

ಹಿಮಾಲಯದ ಕುರಿಗಾಹಿಗಳು ತಮ್ಮ ನಾಯಿಗಳಿಗೆ ಕಬ್ಬಿಣದ ಮುಳ್ಳಿನ ಪಟ್ಟಿ ಕಟ್ಟುತ್ತಾರೆ. ಚಿರತೆ ಕುತ್ತಿಗೆಗೇ ಬಾಯಿ ಹಾಕುವುದರಿಂದ ಮುಳ್ಳು ಅದನ್ನು ತಡೆಯುತ್ತದೆ. ರಾತ್ರಿಯಿಡೀ ಮಂದೆ ಕಾಯುವ ನಾಯಿಗೆ ಅದು ಸರಿ. ನಮ್ಮ ನಾಯಿಗೆ ಗೂಡೇ ಒಳ್ಳೆಯದು. ಅಂಗಳದ ಲೈಟು ರಾತ್ರಿಯಿಡೀ ಉರಿಸಿದರೆ ಸಾಕು ಎನ್ನುವವರೂ ಇದ್ದಾರೆ. ಬೆಳಕಿನಿಂದ ಎದುರಿಗಿರುವುದು ನಮಗೆ ಕಾಣುತ್ತದೆ, ಅಷ್ಟು ಉಪಯೋಗ. ಕಟ್ಟಿದ ನಾಯಿಗೆ ಅದು ಬಾಗಿಲಾಗುವುದಿಲ್ಲ.

ಎರಡನೆಯದು ಕಸ. ಅಮೆರಿಕದ ಫ್ಲೋರಿಡಾ ರಾಜ್ಯದಲ್ಲಿ ಮನೆಗಳ ಹಿಂದಿನ ಕೊಳಗಳಲ್ಲಿ ಅಲಿಗೇಟರ್ ಎಂಬ ಮೊಸಳೆ ಜಾತಿಯ ಪ್ರಾಣಿ ಇರುತ್ತದೆ. ನಾಯಿಯನ್ನು ನೀರಿನ ಬದಿಗೆ ಬಿಡಬೇಡಿ ಎಂದು ಅಲ್ಲಿ ಎಚ್ಚರಿಸುತ್ತಾರೆ, ಜೊತೆಗೆ ಅಲಿಗೇಟರ್‌ಗೆ ತಿಂಡಿ ಹಾಕುವುದೇ ಅಲ್ಲಿ ಅಪರಾಧ. ತಿಂಡಿ ಸಿಕ್ಕಿದ ಕಡೆಗೆ ಅದು ಮತ್ತೆ ಬರುತ್ತದೆ, ಮನುಷ್ಯರ ಹೆದರಿಕೆ ಬಿಡುತ್ತದೆ. ನಾವು ಚಿರತೆಗೆ ಕೈಯಾರೆ ತಿಂಡಿ ಹಾಕುವುದಿಲ್ಲ, ಆದರೆ ಸುತ್ತು ಬಳಸಿ ಹಾಕುತ್ತೇವೆ. ಹೆದ್ದಾರಿ 66ರ ಬದಿಯಲ್ಲಿ, ಹಾಡಿಯ ತಿರುವಿನಲ್ಲಿ ರಾತ್ರಿ ಯಾರೋ ಕೋಳಿ ಅಂಗಡಿಯ ಚೀಲ ಎಸೆದು ಹೋಗುತ್ತಾರೆ. ಮೀನಿನ ತ್ಯಾಜ್ಯ, ಮದುವೆ ಮನೆಯ ಎಂಜಲೂ ಅಲ್ಲಿಗೇ. ಅದಕ್ಕೆ ಬೀದಿನಾಯಿಗಳು ಸೇರುತ್ತವೆ, ನಾಯಿಗಳ ಹಿಂದೆ ಚಿರತೆ ಬರುತ್ತದೆ. ಇಲ್ಲಿ ನಮ್ಮವರ ತಪ್ಪನ್ನೂ ಹೇಳಬೇಕು. ಬಕ್ರೀದ್ ಮುಗಿದ ಮೇಲೆ ಕೆಲವರು ಕರುಳು, ಚರ್ಮದ ತುಂಡುಗಳನ್ನು ಹಿತ್ತಲ ಆಚೆ ಹಾಕಿ ಬರುತ್ತಾರೆ. ಆಳವಾದ ಗುಂಡಿ ತೋಡಿ, ಮೇಲೆ ಮಣ್ಣು ಮುಚ್ಚಿ, ಕಲ್ಲು ಹೇರಲು ಅರ್ಧ ಗಂಟೆ ಸಾಕು.

ಬಾವಿಯನ್ನೂ ಮರೆಯಬಾರದು. ಬೆಕ್ಕನ್ನೋ ನಾಯಿಯನ್ನೋ ಅಟ್ಟಿಕೊಂಡು ಬಂದ ಚಿರತೆ ಕಟ್ಟೆಯಿಲ್ಲದ ಬಾವಿಗೆ ಬೀಳುವುದು ನಮ್ಮ ಜಿಲ್ಲೆಯಲ್ಲಿ ಆಗಾಗ ಕೇಳುವ ಸುದ್ದಿ. ಬಾವಿಗೆ ಎತ್ತರದ ಕಟ್ಟೆ, ಮೇಲೆ ಜಾಲರಿ ಹಾಕಿದರೆ ಚಿರತೆಗೂ ಕ್ಷೇಮ, ನಮ್ಮ ಮಕ್ಕಳಿಗೂ ಕ್ಷೇಮ.

ಇಷ್ಟೆಲ್ಲ ಏಕೆ, ಬೋನು ಇಟ್ಟು ಹಿಡಿದು ದೂರದ ಕಾಡಿಗೆ ಬಿಟ್ಟರಾಯಿತಲ್ಲ ಎಂದು ನಮ್ಮ ಬೀದಿಯಲ್ಲೂ ಎಲ್ಲರೂ ಕೇಳಿದರು. ಪುಣೆ ಜಿಲ್ಲೆಯ ಜುನ್ನರ್ ಭಾಗದಲ್ಲಿ ಇದನ್ನೇ ಮಾಡಿ ನೋಡಿದರು. 2001ಕ್ಕಿಂತ ಮೊದಲು ಅಲ್ಲಿ ವರ್ಷಕ್ಕೆ ಸರಾಸರಿ ನಾಲ್ಕು ಬಾರಿ ಚಿರತೆ ಮನುಷ್ಯರ ಮೇಲೆ ದಾಳಿ ಮಾಡುತ್ತಿತ್ತು. ಹಿಡಿದು ಬೇರೆಡೆ ಬಿಡುವ ಕೆಲಸ ದೊಡ್ಡದಾಗಿ ಶುರುವಾದ ಮೇಲೆ, 2001ರಿಂದ 2003ರ ನಡುವೆ, ಅದು ವರ್ಷಕ್ಕೆ ಸರಾಸರಿ 17ಕ್ಕೆ ಏರಿತು. ಗುರುತಿಲ್ಲದ ಜಾಗದಲ್ಲಿ ಬಿಟ್ಟ ಚಿರತೆ ಗಾಬರಿಯಿಂದ ಅಲೆಯುತ್ತದೆ. ಇತ್ತ ಖಾಲಿಯಾದ ಜಾಗಕ್ಕೆ ಇನ್ನೊಂದು ಚಿರತೆ ಬಂದು ಸೇರುತ್ತದೆ. ಹಳೆಯದಕ್ಕಾದರೂ ನಮ್ಮ ಊರಿನ ಜನ ಎಷ್ಟು ಹೊತ್ತಿಗೆ ಮಲಗುತ್ತಾರೆಂದು ಗೊತ್ತಿತ್ತು. ಸತ್ತ ಪ್ರಾಣಿಗೆ ವಿಷ ಹಾಕಿಡುವವರೂ ಇದ್ದಾರಂತೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಚಿರತೆ ಇದೆ, ಕೊಂದರೆ ಜೈಲು. ಆ ವಿಷವನ್ನು ಊರಿನ ನಾಯಿಗಳೂ ತಿನ್ನುತ್ತವೆ ಎನ್ನುವುದು ಇನ್ನೊಂದು ಮಾತು.

ಚಿರತೆ ಮನೆಯೊಳಗೇ ನುಗ್ಗಿದರೆ? 2021ರ ಫೆಬ್ರವರಿಯಲ್ಲಿ ಕಡಬ ತಾಲೂಕಿನ ಬಿಳಿನೆಲೆಯಲ್ಲಿ ನಾಯಿಯನ್ನು ಅಟ್ಟಿಸಿಕೊಂಡು ಬಂದ ಚಿರತೆ ಅದರ ಜೊತೆಗೇ ಒಂದು ಮನೆಯ ಶೌಚಾಲಯದೊಳಗೆ ಹೋಯಿತು. ಮನೆಯಾಕೆ ಹೊರಗಿನಿಂದ ಬಾಗಿಲು ಹಾಕಿದರು. ಗಂಟೆಗಟ್ಟಲೆ ಎರಡೂ ಒಳಗೆ ಎರಡು ಮೂಲೆಯಲ್ಲಿ ಕುಳಿತಿದ್ದ ಫೋಟೋ ನೀವೂ ನೋಡಿರಬಹುದು. ಚಿರತೆ ತಪ್ಪಿಸಿಕೊಂಡು ಹೋಯಿತು, ನಾಯಿ ಬದುಕಿತು. ಸಿಕ್ಕಿಬಿದ್ದ ಚಿರತೆಗೆ ಮೊದಲು ಬೇಕಾದದ್ದು ಹೊರಹೋಗುವ ದಾರಿ, ಆಮೇಲೆ ಊಟ. ಆ ಮನೆಯಾಕೆ ಮಾಡಿದ್ದೇ ಸರಿ: ಬಾಗಿಲು ಹಾಕಿ ಹೊರಗೆ ಬಂದು ಫೋನ್ ಮಾಡುವುದು. ಅರಣ್ಯ ಇಲಾಖೆಯ ಸಹಾಯವಾಣಿ 1926. ಜನ ಸೇರಿಸಬಾರದು, ಮೊಬೈಲ್ ಹಿಡಿದು ಕಿಟಕಿಗೆ ಹೋಗಬಾರದು. 2016ರಲ್ಲಿ ಬೆಂಗಳೂರಿನ ಒಂದು ಶಾಲೆಗೆ ನುಗ್ಗಿದ ಚಿರತೆ, ಚಿರತೆಗಳನ್ನೇ ಅಧ್ಯಯನ ಮಾಡುವ ಸಂಜಯ್ ಗುಬ್ಬಿಯವರನ್ನೂ ಗಾಯಗೊಳಿಸಿತು. ಬಲ್ಲವರಿಗೇ ಹಾಗಾದರೆ ನಮ್ಮ ಪಾಡೇನು?

ಕಚ್ಚಿಸಿಕೊಂಡ ನಾಯಿ ಬದುಕಿ ಬಂದರೆ ಗಾಯವನ್ನು ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು ಅಂದೇ ಪಶು ಆಸ್ಪತ್ರೆಗೆ ಒಯ್ಯಬೇಕು. ಹೊರಗೆ ಚಿಕ್ಕ ತೂತು ಕಂಡರೂ ಕೋರೆಹಲ್ಲು ಆಳಕ್ಕೆ ಇಳಿದಿರುತ್ತದೆ, ಒಳಗೆ ಕೀವಾಗುತ್ತದೆ. ದನ, ಆಡು ಸತ್ತರೆ ಅದನ್ನು ಅಲ್ಲಿಂದ ಎತ್ತದೆ ಅರಣ್ಯ ಇಲಾಖೆಗೆ ತಿಳಿಸಬೇಕು. ಅವರು ನೋಡಿ, ಪಶುವೈದ್ಯರ ಪತ್ರ ಸಿಕ್ಕರೆ ಪರಿಹಾರಕ್ಕೆ ಅರ್ಜಿ ಹಾಕಬಹುದು.

ಅಜ್ಜ ಜನವರಿಯಲ್ಲಿ ಒಂದು ಮರಿ ತಂದರು. ಅದಕ್ಕೂ ಕರಿಯ ಎಂದೇ ಹೆಸರು, ಬಣ್ಣ ಮಾತ್ರ ಕಂದು. ಸಂಜೆ ಮಗ್ರಿಬ್ ಬಾಂಗ್ ಕೇಳಿದ ಕೂಡಲೇ ಅಜ್ಜ ಅದನ್ನು ಗೂಡಿಗೆ ಸೇರಿಸಿ ಚಿಲಕ ಹಾಕುತ್ತಾರೆ. ನಾನು ನಮ್ಮ ಹಟ್ಟಿಗೆ ಹೊಸದಾಗಿ ಹಾಕಿಸಿದ ಚಿಲಕ ಎಳೆಯುತ್ತೇನೆ. ಬೇಲಿಯ ಆಚೆಯಿಂದ ಅವರು, "ಹಾಕ್ಯಾಯ್ತಾ?" ಎಂದು ಕೇಳುತ್ತಾರೆ. ಆಯಿತು ಎಂದು ಕೂಗಿ ಹೇಳಿದ ಮೇಲೆಯೇ ಅವರು ಒಳಗೆ ಹೋಗುವುದು.