ಬ್ರೇಕ್ ಪ್ಯಾಡ್: ಕಂಪನಿ ಡಬ್ಬಿಯೋ, ಹೊರಗಿನದೋ?

2024ರ ಜೂನ್ 23ರ ಬೆಳಿಗ್ಗೆ ಚಳ್ಳಕೆರೆ ತಾಲ್ಲೂಕಿನಲ್ಲಿ, ಒಂದು ಕಾಲಕ್ಕೆ ಅಮೃತಮಹಲ್ ದನ ಮೇಯುತ್ತಿದ್ದ ಕಾವಲಿನಲ್ಲಿ, ಇಸ್ರೊದ ರೆಕ್ಕೆಯ ಮರುಬಳಕೆ ವಾಹನ ‘ಪುಷ್ಪಕ್’ ಬಂದಿಳಿಯಿತು. ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಚಿನೂಕ್ ಹೆಲಿಕಾಪ್ಟರ್ ಕೈಬಿಟ್ಟ ಮೇಲೆ ತಾನೇ ದಾರಿ ಹಿಡಿದು ಬಂದು, ಗಂಟೆಗೆ 320 ಕಿ.ಮೀ. ಮೀರಿದ ವೇಗದಲ್ಲಿ ರನ್‌ವೇ ಮುಟ್ಟಿತು. ಹಿಂದೆ ಪ್ಯಾರಾಚೂಟ್ ಬಿಚ್ಚಿಕೊಂಡಿತು, ವೇಗ ನೂರರ ಆಸುಪಾಸಿಗೆ ಇಳಿಯಿತು. ಉಳಿದ ನೂರನ್ನು ಸೊನ್ನೆಗೆ ತಂದದ್ದು ಗಾಲಿಯ ಬ್ರೇಕು.

ಆ ಉಳಿದ ನೂರೇ ನಮ್ಮ ಕಾರುಗಳ ವೇಗ. ಚಳ್ಳಕೆರೆಯಿಂದ ಹಾನಗಲ್, ರಾಂಪುರದ ಮೇಲೆ ಬಳ್ಳಾರಿಗೆ ಹೋಗುವ ಹೆದ್ದಾರಿಯಲ್ಲಿ ಅಷ್ಟು ವೇಗ ಯಾರಿಗೂ ಹೆಚ್ಚೆನಿಸುವುದಿಲ್ಲ. ಇದು ಕುರಿಗಾರರ ನಾಡು, ದೇವರ ಎತ್ತುಗಳ ನಾಡು. ಸಂಜೆ ಹೊತ್ತಿಗೆ ಹಿಂಡು ರಸ್ತೆಗೆ ಬಂದರೆ ನಮ್ಮನ್ನೂ ಅವನ್ನೂ ಕಾಯುವುದು ಮುಂದಿನ ಎರಡು ಗಾಲಿಗಳೊಳಗೆ ಕೂತ, ಅಂಗೈಯಲ್ಲಿ ಹಿಡಿಯುವಂಥ ನಾಲ್ಕು ಪ್ಯಾಡುಗಳು. ಹೆಚ್ಚಿನ ಕಾರುಗಳಲ್ಲಿ ಹಿಂದೆ ಡ್ರಮ್ ಮತ್ತು ಶೂ ಇದ್ದರೂ ಬ್ರೇಕಿನ ಬಹುಪಾಲು ಭಾರ ಹೊರುವುದು ಮುಂದಿನವೇ.

ಬ್ರೇಕ್ ಅಂದರೆ ಓಟವನ್ನು ಶಾಖ ಮಾಡುವ ಕೆಲಸ. ಸಾವಿರ ಕಿಲೊ ತೂಕದ ಕಾರು 80 ಕಿ.ಮೀ. ವೇಗದಿಂದ ಒಮ್ಮೆ ನಿಂತರೆ ಹುಟ್ಟುವ ಶಾಖ ಸುಮಾರು ಮುಕ್ಕಾಲು ಲೀಟರ್ ತಣ್ಣೀರನ್ನು ಕುದಿ ಬರಿಸಬಲ್ಲದು. 40ರಿಂದ ನಿಂತರೆ ಅದರ ಕಾಲುಭಾಗ ಮಾತ್ರ. ಧರ್ಮಸ್ಥಳಕ್ಕೆಂದು ಹೊರಟು ಚಾರ್ಮಾಡಿ ಘಾಟಿ ಇಳಿಯುವಾಗ ಈ ಶಾಖಕ್ಕೆ ಆರಲು ಬಿಡುವೇ ಸಿಗುವುದಿಲ್ಲ. ಕಳಪೆ ಪ್ಯಾಡಿನ ಅಂಟು ಸುಟ್ಟು ಅನಿಲವಾಗಿ ಡಿಸ್ಕಿಗೂ ಪ್ಯಾಡಿಗೂ ನಡುವೆ ಸೇರಿಕೊಳ್ಳುತ್ತದೆ. ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಊರೊಳಗೆ ಚೆನ್ನಾಗಿಯೇ ಹಿಡಿದ ಪ್ಯಾಡು ಘಾಟಿಯಲ್ಲಿ ಕೈಕೊಡುವುದು ಹೀಗೆ.

ಪ್ಯಾಡಿನೊಳಗೆ ಏನಿದೆ ಎಂದು ಬಿಡಿಸಿ ನೋಡಿದರೆ ಅದೊಂದು ಅಡುಗೆಯೇ ಸರಿ. ಉಕ್ಕಿನ ಎಳೆ, ಗ್ರಾಫೈಟ್, ಬೇರೈಟ್ ಪುಡಿ, ಎಲ್ಲವನ್ನೂ ಹಿಡಿದಿಡುವ ಫಿನಾಲಿಕ್ ರಾಳ. ಜೊತೆಗೆ ನಮ್ಮ ಕರಾವಳಿಗೆ ಚಿರಪರಿಚಿತವಾದ ಗೇರುಬೀಜದ ಸಿಪ್ಪೆಯ ಎಣ್ಣೆ! ಕೈಗೆ ತಾಗಿದರೆ ಚರ್ಮ ಸುಡುವ ಆ ಎಣ್ಣೆಯನ್ನು ಗಟ್ಟಿ ಮಾಡಿ ಪುಡಿ ಮಾಡಿದರೆ, ಬ್ರೇಕ್ ಕಿರುಚದೆ ಮೆತ್ತಗೆ ಹಿಡಿಯಲು ನೆರವಾಗುವ ಘರ್ಷಣ ಪುಡಿಯಾಗುತ್ತದೆ. ಇವುಗಳ ಪ್ರಮಾಣ ಪ್ರತಿ ತಯಾರಕರ ಗುಟ್ಟು. ಹೊರಗಿನಿಂದ ನೋಡಿದರೆ ಎಲ್ಲ ಪ್ಯಾಡುಗಳೂ ಒಂದೇ ಥರ ಕಪ್ಪಗೆ ಕಾಣುತ್ತವೆ. ಗಿರಾಕಿಯ ಕಷ್ಟವೆಲ್ಲ ಇರುವುದು ಇಲ್ಲೇ.

ಅಂಗಡಿಯಲ್ಲಿ ‘ಒರಿಜಿನಲ್ ಬೇಕೋ, ಲೋಕಲ್ ಬೇಕೋ’ ಎಂದು ಕೇಳುತ್ತಾರೆ. ಆ ಪ್ರಶ್ನೆಯೇ ಸರಿಯಿಲ್ಲ ಎಂಬುದು ನನ್ನ ಮಾತು. ಕಾರು ಕಂಪನಿಗಳು ಸಾಮಾನ್ಯವಾಗಿ ಪ್ಯಾಡನ್ನು ತಾವೇ ಮಾಡುವುದಿಲ್ಲ. ಚೆನ್ನೈ ಕಡೆಯ ರಾಣೆ, ಬ್ರೇಕ್ಸ್ ಇಂಡಿಯಾ, ಸುಂದರಂ ಬ್ರೇಕ್ ಲೈನಿಂಗ್ಸ್‌ನಂಥವರು ವಾಹನ ಕಂಪನಿಗಳಿಗೂ ಮಾಲು ಕೊಡುತ್ತಾರೆ, ತಮ್ಮದೇ ಹೆಸರಿನ ಡಬ್ಬಿಯಲ್ಲಿ ಅಂಗಡಿಗೂ ಕಳಿಸುತ್ತಾರೆ. ಹಾಗಾಗಿ ಕೌಂಟರಿನ ಮೇಲಿರುವುದು ಎರಡು ಬಗೆಯಲ್ಲ, ಮೂರು: ಕಾರು ಕಂಪನಿಯ ಡಬ್ಬಿ, ಹೆಸರಾಂತ ತಯಾರಕರ ಡಬ್ಬಿ, ಯಾರದೆಂದೇ ತಿಳಿಯದ ಡಬ್ಬಿ. ಎರಡನೆಯದನ್ನು ಮೂರನೆಯದರ ಜೊತೆ ಸೇರಿಸಿ ‘ಲೋಕಲ್’ ಅನ್ನುವುದು ಒಳ್ಳೆಯ ತಯಾರಕರಿಗೆ ಮಾಡುವ ಅನ್ಯಾಯ. ಹಾಗೆಂದು ಒಂದೇ ಕಾರ್ಖಾನೆಯ ಎರಡೂ ಡಬ್ಬಿಗಳಲ್ಲಿ ಒಂದೇ ಮಿಶ್ರಣ ಇರಲೇಬೇಕೆಂದೇನೂ ಇಲ್ಲ.

ವಿಮಾನಕ್ಕೆ ಈ ಗೊಂದಲವಿಲ್ಲ. ಬೆಂಗಳೂರಿನ ಎಚ್‌ಎಎಲ್ ಫೌಂಡ್ರಿ ಅಂಡ್ ಫೋರ್ಜ್ ವಿಭಾಗದಲ್ಲಿ ಲೋಹದ ಪುಡಿಯನ್ನು ಒತ್ತಿ, ಕಾಯಿಸಿ ಯುದ್ಧವಿಮಾನಗಳ ಬ್ರೇಕ್ ಪ್ಯಾಡ್ ಮಾಡುತ್ತಾರೆ. ಅಂಥ ಭಾಗ ಪರೀಕ್ಷೆ ಮುಗಿಸಿ ಮಂಜೂರಾತಿ ಪಡೆಯದೆ ಗಾಲಿಗೆ ಏರುವಂತಿಲ್ಲ. ಕಾರಿಗೂ ಯುರೋಪಿನಲ್ಲಿ ಆರ್90 ಎಂಬ ನಿಯಮವಿದೆ: ಬದಲಿ ಪ್ಯಾಡಿನ ಹಿಡಿತ ಮೂಲ ಪ್ಯಾಡಿನದಕ್ಕಿಂತ ಶೇ 15ರಷ್ಟು ಆಚೀಚೆಯ ಒಳಗೇ ಇರಬೇಕು. ನಮ್ಮಲ್ಲಿ ಬ್ರೇಕ್ ಲೈನಿಂಗಿಗೆ ಐಎಸ್ 2742 ಎಂಬ ಮಾನಕವಿದೆ. ಡಬ್ಬಿಯ ಮೇಲೆ ಇಂಥ ಗುರುತು ಇದೆಯೇ ಎಂದು ನೋಡಿ. ಪ್ಯಾಡಿನ ಅಂಚಿನಲ್ಲಿ ‘ಎಫ್‌ಎಫ್’ ಥರದ ಎರಡು ಅಕ್ಷರ ಅಚ್ಚಾಗಿದ್ದರೆ ಮೊದಲನೆಯದು ಮಾಮೂಲಿ ಬಿಸಿಯಲ್ಲಿನ ಹಿಡಿತ, ಎರಡನೆಯದು ಚೆನ್ನಾಗಿ ಕಾದಾಗಿನದು. ಇ ಅಂದರೆ 0.25ರಿಂದ 0.35, ಎಫ್ ಅಂದರೆ 0.35ರಿಂದ 0.45. ಘಾಟಿಗೆ ಹೋಗುವವರು ಎರಡನೇ ಅಕ್ಷರ ನೋಡಬೇಕು.

ಬಿಡಿಭಾಗ ಹೊರಗೆ ಸಿಗಬೇಕೆಂಬುದಕ್ಕೂ ಒಂದು ಹೋರಾಟವೇ ನಡೆದಿದೆ. ಬಿಡಿಭಾಗಗಳನ್ನು ಮುಕ್ತ ಮಾರುಕಟ್ಟೆಗೆ ಬಿಡುತ್ತಿಲ್ಲವೆಂದು ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತು. ಪ್ರಕರಣ ಮುಂದೆ ಮೇಲ್ಮನವಿಗೆ ಹೋಯಿತು. ಆದರೂ ಊರಿನ ಮೆಕ್ಯಾನಿಕ್‌ಗೆ ಒಳ್ಳೆಯ ಭಾಗ ಸಿಗಬೇಕೆಂಬ ಮಾತು ಗಟ್ಟಿಯಾಗಿ ದಾಖಲಾದದ್ದು ಆಗಲೇ. ಚಳ್ಳಕೆರೆಯಂಥ ಊರಿಗೆ ಇದು ಸಣ್ಣ ಸಂಗತಿಯಲ್ಲ.

ನನ್ನನ್ನು ಕೇಳಿದರೆ, ವಾರಂಟಿ ಇರುವ ತನಕ ಕಂಪನಿ ಡಬ್ಬಿ. ಆಮೇಲೆ ನಿಮ್ಮ ಕಾರಿನ ಮಾಡೆಲ್ಲಿಗೇ ಪಾರ್ಟ್ ನಂಬರ್ ಇರುವ, ಬಿಲ್ ಕೊಡುವ, ಹೆಸರಾಂತ ತಯಾರಕರ ಡಬ್ಬಿ ಧಾರಾಳವಾಗಿ ಸಾಕು. ಬೆಲೆ ಎಷ್ಟೇ ಕಡಿಮೆಯಿರಲಿ, ಮೂರನೆಯ ಡಬ್ಬಿ ಮಾತ್ರ ಬೇಡ. ಕಂಪನಿ ಡಬ್ಬಿಗೂ ನಕಲಿ ಉಂಟು. ಹೊಲೊಗ್ರಾಮ್, ಎಂಆರ್‌ಪಿ, ಅಕ್ಷರಗಳ ಅಚ್ಚು ನೋಡದೆ ಅದನ್ನೂ ಕೊಳ್ಳಬಾರದು.

ಎಷ್ಟು ಒಳ್ಳೆಯ ಪ್ಯಾಡಾದರೂ ಹಾಕುವ ಕೈ ಸರಿಯಿರಬೇಕು. ಒಂದು ಕಡೆಯದು ಮಾತ್ರ ಸವೆದಿದೆ ಎಂದು ಒಂದನ್ನೇ ಬದಲಿಸಿದರೆ ಬ್ರೇಕ್ ಒತ್ತಿದಾಗ ಗಾಡಿ ಪಕ್ಕಕ್ಕೆ ಎಳೆಯುತ್ತದೆ, ನಾಲ್ಕನ್ನೂ ಒಟ್ಟಿಗೇ ಬದಲಿಸಬೇಕು. ಈ ಬಯಲುಸೀಮೆಯ ಧೂಳಿನಲ್ಲಿ, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿನ್ನುಗಳು ಬೇಗ ಬಿಗಿಯುತ್ತವೆ, ಅವನ್ನು ಬಿಚ್ಚಿ ಒರೆಸಿ ಗ್ರೀಸ್ ಹಚ್ಚುವ ಮೆಕ್ಯಾನಿಕ್ ಸಿಕ್ಕರೆ ಬಿಡಬೇಡಿ. ಪ್ಯಾಡಿನ ದಪ್ಪ 3 ಮಿ.ಮೀ.ಗೆ ಇಳಿದರೆ ಆಯಸ್ಸು ಮುಗಿಯಿತೆಂದೇ ಲೆಕ್ಕ. ಹಳೆಯ ಪ್ಯಾಡುಗಳನ್ನು ಕೇಳಿ ಪಡೆದು ನೋಡಿ, ಒಂದು ಓರೆಯಾಗಿ ಸವೆದಿದ್ದರೆ ತೊಂದರೆ ಪ್ಯಾಡಿನದಲ್ಲ, ಕ್ಯಾಲಿಪರಿನದು.

ಹೊಸ ಪ್ಯಾಡು ಮೊದಲ ಇನ್ನೂರು ಮುನ್ನೂರು ಕಿ.ಮೀ. ಪೂರ್ತಿ ಹಿಡಿಯುವುದಿಲ್ಲ. ಡಿಸ್ಕಿನ ಮೈಗೆ ಅದರ ಮೈ ಒಗ್ಗಬೇಕು. ಅಷ್ಟು ದೂರ ಗಕ್ಕನೆ ತುಳಿಯದೆ, ಅರವತ್ತರಿಂದ ಇಪ್ಪತ್ತಕ್ಕೆ ಮೆತ್ತಗೆ ಇಳಿಸಿ, ಆರಲು ಬಿಟ್ಟು, ಮತ್ತೆ ಇಳಿಸಬೇಕು. ಚಳ್ಳಕೆರೆಯಲ್ಲಿ ಪ್ಯಾಡು ಹಾಕಿಸಿದವರಿಗೆ ಇದಕ್ಕೆ ತಕ್ಕ ಜಾಗ ದೂರವಿಲ್ಲ. ಬೆಳಿಗ್ಗೆ ಬೇಗ, ಕುರಿ ರಸ್ತೆಗೆ ಬರುವ ಮೊದಲು, ಊರಾಚೆ ಕಾವಲಿನ ಪಕ್ಕದ ದಾರಿ ಹಿಡಿದು ಹೊರಟರೆ ಸಾಕು.