ಲೀಟರಿಗೆ ಎಷ್ಟು ಬಾಕ್ಸು?

ಕೋಲಾರದ ಎ.ಪಿ.ಎಂ.ಸಿ. ಪ್ರಾಂಗಣಕ್ಕೆ ಟೊಮೆಟೊ ಹೊತ್ತು ಬರುವ ಪಿಕಪ್ ಗಾಡಿಗಳೂ, ಶ್ರೀನಿವಾಸಪುರದ ಮಂಡಿಗಳಿಗೆ ಮಾವು ತರುವ ಟ್ರ್ಯಾಕ್ಟರುಗಳೂ, ಮಾಲೂರಿನ ಗೂಡುಗಳಿಂದ ಇಟ್ಟಿಗೆ ಹೇರಿಕೊಂಡು ಹೊರಡುವ ಟ್ರಾಲಿಗಳೂ, ಮುಳಬಾಗಿಲಿನಿಂದ ನಂಗಲಿಯನ್ನು ದಾಟಿ ಆಂಧ್ರದ ಕಡೆಗೆ ಇಳಿಯುವ ಟೆಂಪೊಗಳೂ ಸುಡುವ ಡೀಸೆಲಿನ ವೆಚ್ಚವೆಲ್ಲ ಕಟ್ಟಕಡೆಗೆ ಬೆಳೆದವನ ಮತ್ತು ಕೊಳ್ಳುವವನ ಲೆಕ್ಕಕ್ಕೇ ಬಂದು ಸೇರತಕ್ಕದ್ದು. ಬಂಕಿನಲ್ಲಿ ಹಣ ತೆರುವವನು ಗಾಡಿಯ ಒಡೆಯನಾದರೂ, ಅದೇ ಹಣವು ಬಾಡಿಗೆಯ ರೂಪವನ್ನು ತಾಳಿ ಪ್ರತಿಯೊಂದು ಬಾಕ್ಸಿನ ಮೇಲೂ ಹಂಚಿಹೋಗುತ್ತದೆ. ಆದಕಾರಣ ಹೊರೆಗಾಡಿಯ ಇಂಧನ ಮಿತವ್ಯಯವೆಂಬುದು ಚಾಲಕರು ಮತ್ತು ಮೆಕ್ಯಾನಿಕ್ಕುಗಳು ಮಾತ್ರ ತಿಳಿದಿರಬೇಕಾದ ಗುಟ್ಟಲ್ಲ. ತೋಟದಲ್ಲಿ ನಿಂತು ಹಣ್ಣು ಬಿಡಿಸುವವರೂ ತಿಳಿಯಬೇಕಾದ ವಿಚಾರ.

ಹೊಸ ಗಾಡಿಯನ್ನು ಕೊಂಡವನನ್ನು ನೆಂಟರಿಷ್ಟರು ಮೊದಲು ಕೇಳುವ ಪ್ರಶ್ನೆ, "ಎಷ್ಟು ಮೈಲೇಜ್ ಕೊಡುತ್ತೆ?" ಎಂಬುದು. ಕಾರು ಕೊಂಡವನಿಗೆ ಈ ಪ್ರಶ್ನೆ ಸಲ್ಲುವುದು. ಹೊರೆ ಸಾಗಿಸುವವನಿಗೆ ಅದು ದಾರಿ ತಪ್ಪಿಸುವ ಪ್ರಶ್ನೆ. ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ಹರಾಜಾಗುವುದು 15 ಕಿಲೋ ತೂಕದ ಬಾಕ್ಸುಗಳಲ್ಲಿ. ಮುಳಬಾಗಿಲಿನಿಂದ ಕೋಲಾರಕ್ಕೆ ಸುಮಾರು 30 ಕಿಲೋಮೀಟರ್. ಪಿಕಪ್ ಒಂದು 100 ಬಾಕ್ಸು ಹೊತ್ತಾಗ ಲೀಟರಿಗೆ 11, 50 ಬಾಕ್ಸು ಹೊತ್ತಾಗ 13, ಖಾಲಿಯಾಗಿ ಹಿಂದಿರುಗುವಾಗ 15 ಕಿಲೋಮೀಟರ್ ಓಡುವುದೆಂದು ಉದಾಹರಣೆಗಾಗಿ ಇಟ್ಟುಕೊಳ್ಳೋಣ. ತುಂಬಿದ ಗಾಡಿಯು ಹೋಗಿಬರುವಲ್ಲಿ ಸುಮಾರು 4.7 ಲೀಟರ್ ಸುಟ್ಟು ಲೀಟರಿಗೆ 21 ಬಾಕ್ಸುಗಳನ್ನು ಮಾರುಕಟ್ಟೆಗೆ ಮುಟ್ಟಿಸುತ್ತದೆ. ಅರ್ಧ ತುಂಬಿದ್ದು ಸುಮಾರು 4.3 ಲೀಟರ್ ಸುಟ್ಟು ಲೀಟರಿಗೆ 12 ಬಾಕ್ಸುಗಳನ್ನು ಕೂಡ ಪೂರ್ತಿಯಾಗಿ ಮುಟ್ಟಿಸಲಾರದು. ಮೈಲೇಜ್ ಯಾವುದರಲ್ಲಿ ಉತ್ತಮವಾಗಿ ಕಂಡಿತೋ ಅದರಲ್ಲೇ ಒಂದೊಂದು ಬಾಕ್ಸಿನ ಪಾಲಿಗೆ ಬಂದ ಡೀಸೆಲು ಹೆಚ್ಚುಕಡಿಮೆ ಇಮ್ಮಡಿಯಾಯಿತು. ಗಾಡಿಯು ತನ್ನ ಸ್ವಂತ ದೇಹವನ್ನು ಒಯ್ಯುವುದಕ್ಕೇ ಬಹುಪಾಲು ಇಂಧನವನ್ನು ವ್ಯಯಿಸುತ್ತದೆಯಾದ್ದರಿಂದ, ಹೊರೆಯನ್ನು ಅರ್ಧಕ್ಕೆ ಇಳಿಸಿದ ಮಾತ್ರಕ್ಕೆ ವೆಚ್ಚವು ಅರ್ಧಕ್ಕೆ ಇಳಿಯುವುದಿಲ್ಲ. ಡೀಸೆಲ್ ಎಂಜಿನ್ನಿನ ಸ್ವಭಾವವೂ ಇದಕ್ಕೆ ಅನುಗುಣವಾಗಿಯೇ ಇದೆ: ಹಗುರವಾದ ಕೆಲಸದಲ್ಲಿ ಅದರ ದಕ್ಷತೆ ಕುಗ್ಗುವುದು, ತಕ್ಕಷ್ಟು ಹೊರೆಯಿದ್ದಾಗ ಹಿಗ್ಗುವುದು.

ಇನ್ನು ಆ ಇಂಧನವು ವ್ಯಯವಾಗುವುದಾದರೂ ಎಲ್ಲಿ ಎಂಬುದನ್ನು ವಿಚಾರಿಸೋಣ. ಚಲಿಸುವ ಗಾಡಿಯನ್ನು ಹಿಂದಕ್ಕೆಳೆಯುವ ಶಕ್ತಿಗಳು ಮುಖ್ಯವಾಗಿ ಮೂರು: ನೆಲ, ಗಾಳಿ, ಏರು. ನೆಲದ ಪ್ರತಿರೋಧವು ತೂಕವನ್ನು ಅನುಸರಿಸುತ್ತದೆ. ಗಾಳಿಯದು ವೇಗವನ್ನೂ ಗಾಡಿಯ ಮುಖದ ವಿಸ್ತಾರವನ್ನೂ ಅನುಸರಿಸುತ್ತದೆ. ಏರಿನದು ತೂಕವನ್ನೂ ಎತ್ತರವನ್ನೂ ಅನುಸರಿಸುತ್ತದೆ. ಯಾವ ಪ್ರಯಾಣದಲ್ಲಿ ಇವುಗಳಲ್ಲಿ ಯಾವುದು ಪ್ರಬಲ ಎಂಬುದನ್ನು ಅರಿತವನಿಗೆ ಉಳಿತಾಯದ ಮಾರ್ಗ ತಾನಾಗಿಯೇ ತೋರುವುದು. ಅರಿಯದವನು ಗಾಳಿಯಿಂದಾದ ನಷ್ಟಕ್ಕೆ ತೂಕವನ್ನು ದೂರುತ್ತ, ನೆಲದಿಂದಾದ ನಷ್ಟಕ್ಕೆ ಎಂಜಿನ್ನನ್ನು ದೂರುತ್ತ ಕಾಲ ಕಳೆಯುವನು.

ನೆಲದ ವಿಚಾರಕ್ಕೆ ಮಾಲೂರಿನ ಇಟ್ಟಿಗೆಯ ಟ್ರಾಲಿಯೇ ಉತ್ತಮ ನಿದರ್ಶನ. ಇಟ್ಟಿಗೆಯೊಂದಕ್ಕೆ ಸುಮಾರು 3 ಕಿಲೋ ಎಂದರೂ ಸಾವಿರ ಇಟ್ಟಿಗೆಗೆ 3 ಟನ್ ಆಯಿತು. ಟ್ರ್ಯಾಕ್ಟರು ಗಂಟೆಗೆ 20–25 ಕಿಲೋಮೀಟರ್ ವೇಗದಲ್ಲಿ ಸಾಗುವುದರಿಂದ ಗಾಳಿಯ ಪ್ರತಿರೋಧವು ಇಲ್ಲಿ ಗಣನೆಗೆ ಬಾರದಷ್ಟು ಅಲ್ಪ. ಆದರೆ ಒಳ್ಳೆಯ ಡಾಂಬರು ರಸ್ತೆಯಲ್ಲಿ ಒಂದು ಟನ್ ಹೊರೆಯನ್ನು ಉರುಳಿಸಲು 10ರಿಂದ 15 ಕಿಲೋ ತೂಕದಷ್ಟು ಸೆಳೆತ ಸಾಕಾದರೆ, ಅದೇ ಹೊರೆಯನ್ನು ಸಡಿಲ ಮಣ್ಣಿನ ದಾರಿಯಲ್ಲಿ ಎಳೆಯಲು 50 ಕಿಲೋ ಅಥವಾ ಅದಕ್ಕೂ ಮಿಗಿಲಾದ ಸೆಳೆತ ಬೇಕಾಗುವುದು. ತೋಟದಿಂದ ಟಾರು ರಸ್ತೆಯವರೆಗಿನ ಒಂದು ಕಿಲೋಮೀಟರ್ ಕೆಸರು ಹಾದಿಯು ಡೀಸೆಲಿನ ಲೆಕ್ಕದಲ್ಲಿ ನಾಲ್ಕೈದು ಕಿಲೋಮೀಟರ್ ಟಾರು ರಸ್ತೆಗೆ ಸಮ. ಊರವರು ಕೂಡಿ ಆ ತುಂಡುದಾರಿಗೆ ಜಲ್ಲಿ ಹಾಕಿ ಬಿಗಿಯಾಗಿ ದಮ್ಮಸ್ಸು ಮಾಡಿಸಿದರೆ, ಅದರಿಂದ ಹುಟ್ಟುವ ಉಳಿತಾಯ ಪ್ರತಿ ಸುಗ್ಗಿಯಲ್ಲೂ ಮರಳಿ ದೊರೆಯುವುದು. ಟೈರಿನ ಗಾಳಿಯೂ ಈ ಲೆಕ್ಕಕ್ಕೇ ಸೇರಿದ್ದು. ಉಳುವ ಹೊಲದಲ್ಲಿ ಹಿಡಿತಕ್ಕಾಗಿ ಕಡಿಮೆ ಗಾಳಿಯಿಟ್ಟ ಟ್ರ್ಯಾಕ್ಟರನ್ನು ಹಾಗೆಯೇ ಟ್ರಾಲಿಗೆ ಕಟ್ಟಿ ಟಾರಿನ ಮೇಲೆ ಓಡಿಸಿದಾಗ, ಪ್ರತಿ ಸುತ್ತಿನಲ್ಲೂ ರಬ್ಬರು ಬಾಗಿ ಮಡಿದು ಬಿಸಿಯೇರುತ್ತದೆ; ಆ ಬಿಸಿಯೆಲ್ಲ ನಾವು ಹಣ ತೆತ್ತು ಕೊಂಡ ಡೀಸೆಲೇ ಸರಿ.

ಟ್ರಾಲಿಯನ್ನು ತುಂಬುವ ಕ್ರಮದಲ್ಲಿಯೂ ಒಂದು ಶಾಸ್ತ್ರವುಂಟು. ಅದನ್ನು ನಮ್ಮ ಹಿರಿಯರು ಎತ್ತಿನ ಗಾಡಿಯಿಂದಲೇ ಕಲಿತಿದ್ದರು. ಹೊರೆಯು ಅಚ್ಚಿನ ಹಿಂದಕ್ಕೆ ಹೆಚ್ಚಾದರೆ ಮೂಕಿ ಮೇಲಕ್ಕೆದ್ದು ನೊಗವು ಎತ್ತಿನ ಕತ್ತನ್ನು ಬಿಟ್ಟು ಏಳುವುದು. ಮುಂದಕ್ಕೆ ಹೆಚ್ಚಾದರೆ ಎತ್ತಿನ ಹೆಗಲು ಕುಸಿಯುವುದು. ಎರಡು ಚಕ್ರದ ಟ್ರಾಲಿಯೂ ಈ ನಿಯಮಕ್ಕೆ ಹೊರತಲ್ಲ. ಹೊರೆಯ ಒಂದು ಪಾಲು ಕೊಂಡಿಯ ಮೇಲೆ ಬಿದ್ದರೆ ಟ್ರ್ಯಾಕ್ಟರಿನ ಹಿಂದಿನ ಚಕ್ರಗಳು ನೆಲವನ್ನು ಬಿಗಿಯಾಗಿ ಹಿಡಿದು, ಜಾರುವಿಕೆಯಿಂದ ವ್ಯರ್ಥವಾಗುತ್ತಿದ್ದ ಡೀಸೆಲು ಉಳಿಯುವುದು. ಆ ಪಾಲು ಅತಿಯಾದರೆ ಮುಂದಿನ ಚಕ್ರಗಳು ಹಗುರವಾಗಿ, ತಿರುಗಿಸಿದ ಕಡೆಗೆ ಗಾಡಿ ತಿರುಗದೆ ಪ್ರಾಣಕ್ಕೇ ಸಂಚಕಾರ ಬರುವುದು. ಅಮೆರಿಕದಲ್ಲಿ ಪ್ರವಾಸದ ಮನೆಗಾಡಿಯನ್ನು ಪಿಕಪ್ಪಿಗೆ ಕಟ್ಟಿ ಎಳೆಯುವವರು ಆ ಮನೆಗಾಡಿಯ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15ರಷ್ಟು ಕೊಂಡಿಯ ಮೇಲೆ ಬೀಳುವಂತೆ ನೋಡಿಕೊಳ್ಳುವುದಕ್ಕೂ ಇದೇ ತತ್ತ್ವ ಆಧಾರ.

ಆ ಮನೆಗಾಡಿಯ ಮಾತು ಬಂದುದರಿಂದ ಗಾಳಿಯ ವಿಚಾರಕ್ಕೆ ಬರಬಹುದು. ಸುಮಾರು 2.4 ಮೀಟರ್ ಅಗಲದ, ಪಿಕಪ್ಪಿಗಿಂತ ಬಹಳ ಎತ್ತರವಾದ ಆ ಪೆಟ್ಟಿಗೆಯಾಕಾರದ ಮನೆಯನ್ನು ಹೆದ್ದಾರಿಯ ವೇಗದಲ್ಲಿ ಎಳೆದರೆ ಪಿಕಪ್ಪಿನ ಮೈಲೇಜು ಅರ್ಧದ ಆಸುಪಾಸಿಗೆ ಕುಸಿಯುವುದು ಅಲ್ಲಿನವರ ಸಾಮಾನ್ಯ ಅನುಭವ. ಸಮತಲದ ಹೆದ್ದಾರಿಯಲ್ಲಿ ಈ ಕುಸಿತಕ್ಕೆ ತೂಕಕ್ಕಿಂತಲೂ ಗಾಳಿಯೇ ಮುಖ್ಯ ಕಾರಣ. ಗಾಳಿಯ ಪ್ರತಿರೋಧವು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ; ಗಂಟೆಗೆ 60 ಕಿಲೋಮೀಟರಿನಿಂದ 80ಕ್ಕೆ ಹೋದರೆ ವೇಗವು ಮೂರನೆಯ ಒಂದು ಪಾಲಿನಷ್ಟು ಹೆಚ್ಚಿದಂತಾದರೂ, ಗಾಳಿಯ ತಡೆಯು ಸುಮಾರು ಮುಕ್ಕಾಲು ಪಾಲಿನಷ್ಟು ಹೆಚ್ಚುವುದು.

ಈಗ ಕೋಲಾರದಿಂದ ಊರಿಗೆ ಹಿಂದಿರುಗುವ ಪಿಕಪ್ಪನ್ನು ನೋಡಿರಿ. ಹಣ್ಣೆಲ್ಲ ಇಳಿದುಹೋಗಿದೆ; ಆದರೆ ಖಾಲಿ ಕ್ರೇಟುಗಳು ಕ್ಯಾಬಿನ್ನಿಗಿಂತ ಎತ್ತರವಾಗಿ ಗೋಪುರದಂತೆ ಪೇರಿಸಲ್ಪಟ್ಟು ಹಗ್ಗದಿಂದ ಬಿಗಿಯಲ್ಪಟ್ಟಿವೆ. ತೂಕ ಅತ್ಯಲ್ಪವೆಂದು ಭಾವಿಸಿ ಚಾಲಕನು ವೇಗವನ್ನು ಹೆಚ್ಚಿಸುತ್ತಾನೆ. ಗಾಳಿಗಾದರೋ ಕ್ರೇಟಿನೊಳಗೆ ಹಣ್ಣಿದೆಯೋ ಇಲ್ಲವೋ ಎಂಬ ಭೇದವಿಲ್ಲ; ಅದು ತಡೆಯುವುದು ಗೋಡೆಯಂತೆ ನಿಂತ ಆ ಮುಖವನ್ನು. ಕ್ರೇಟುಗಳನ್ನು ಸಾಧ್ಯವಾದಷ್ಟು ಕ್ಯಾಬಿನ್ನಿನ ಎತ್ತರದೊಳಗೇ ಹರಡಿ ಜೋಡಿಸುವುದು, ಟಾರ್ಪಾಲನ್ನು ಪಟಪಟನೆ ಬಡಿಯದಂತೆ ಎಳೆದು ಕಟ್ಟುವುದು, ಖಾಲಿಯಾಗಿದ್ದಾಗಲೂ ಮಿತವಾದ ವೇಗದಲ್ಲಿಯೇ ಸಾಗುವುದು, ಈ ಮೂರಕ್ಕೂ ಕಾಸಿನ ಖರ್ಚಿಲ್ಲ. 1978ರಲ್ಲಿ ಸ್ಥಾಪಿತವಾದ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘವು ಗಂಟೆಗೆ 45ರಿಂದ 55 ಕಿಲೋಮೀಟರಿನ ವೇಗವನ್ನು ವಾಹನ ಚಾಲಕರಿಗೆ ಬೋಧಿಸುತ್ತ ಬಂದಿರುವುದು ಈ ಕಾರಣದಿಂದಲೇ. ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆ, ಬೇತಮಂಗಲಗಳ ಮಗ್ಗುಲಲ್ಲಿ ಹಾದುಹೋಗುವ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯ ಕರ್ನಾಟಕದ ಭಾಗವು ಸಂಚಾರಕ್ಕೆ ತೆರೆದಿರುವ ಈ ಕಾಲದಲ್ಲಿ, ವೇಗದ ಆಮಿಷವು ಹಿಂದೆಂದಿಗಿಂತಲೂ ಪ್ರಬಲವಾಗಿದೆ. ಆದ್ದರಿಂದ ಈ ಬೋಧೆಯೂ ಹಿಂದೆಂದಿಗಿಂತ ಸಲ್ಲುವಂಥದ್ದಾಗಿದೆ.

ಮೂರನೆಯದು ಏರು. ಶ್ರೀನಿವಾಸಪುರದ ತೋತಾಪುರಿ ಮಾವಿನ ಬಹುಭಾಗವು ಮುಳಬಾಗಿಲು, ನಂಗಲಿ, ಪಲಮನೇರುಗಳ ಮೂಲಕ ಚಿತ್ತೂರು ಸೀಮೆಯ ಹಣ್ಣಿನ ತಿರುಳು ತೆಗೆಯುವ ಕಾರ್ಖಾನೆಗಳಿಗೆ ಹೋಗುವ ವಾಡಿಕೆ ಬಹುಕಾಲದ್ದು. ಪಲಮನೇರಿನಿಂದ ಚಿತ್ತೂರಿಗೆ ರಸ್ತೆಯು ಮೊಗಿಲಿ ಘಾಟಿಯ ಮೂಲಕ 300 ಮೀಟರಿಗೂ ಹೆಚ್ಚು ಇಳಿಯುತ್ತದೆ. 3 ಟನ್ ತೂಕವನ್ನು 300 ಮೀಟರ್ ಮೇಲಕ್ಕೆತ್ತಲು, ಎಂಜಿನ್ನಿನೊಳಗಣ ನಷ್ಟವನ್ನೂ ಸೇರಿಸಿದರೆ, ಮುಕ್ಕಾಲು ಲೀಟರಿಗೂ ಮೀರಿದ ಡೀಸೆಲು ಬೇಕು. ಇದು ನೆಲ ಮತ್ತು ಗಾಳಿಗಳ ಪಾಲನ್ನು ಬಿಟ್ಟು ಬರಿಯ ಎತ್ತರಕ್ಕೆ ತೆರುವ ಸುಂಕ. ಅದೃಷ್ಟವಶಾತ್ ನಮ್ಮ ಮಾವಿನ ಗಾಡಿ ಇಳಿಯುವಾಗ ತುಂಬಿಯೂ, ಏರುವಾಗ ಖಾಲಿಯಾಗಿಯೂ ಇರುತ್ತದೆ. ಆದರೆ ಈ ಇಳಿಜಾರಿನಲ್ಲಿಯೇ ಒಂದು ಘೋರವಾದ ತಪ್ಪುನಂಬಿಕೆಯೂ ಸಂಚರಿಸುತ್ತಿದೆ. ಗಾಡಿಯನ್ನು ನ್ಯೂಟ್ರಲ್ಲಿಗೆ ಹಾಕಿ ಇಳಿಯಬಿಟ್ಟರೆ ಡೀಸೆಲ್ ಉಳಿಯುವುದೆಂದು ಅನೇಕರು ತಿಳಿದಿರುವರು. ಇಂದಿನ ಎಂಜಿನ್ನುಗಳಲ್ಲಿ ಗಾಡಿಯು ಗೇರಿನಲ್ಲಿದ್ದು ಕಾಲು ಆಕ್ಸಿಲರೇಟರಿನಿಂದ ಪೂರ್ತಿ ಎದ್ದಿದ್ದರೆ ಇಂಧನದ ಪೂರೈಕೆಯೇ ನಿಂತುಹೋಗುತ್ತದೆ. ನ್ಯೂಟ್ರಲ್ಲಿನಲ್ಲಾದರೋ ಎಂಜಿನ್ನು ಆರದಿರುವುದಕ್ಕಾಗಿ ಡೀಸೆಲು ಸುರಿಯುತ್ತಲೇ ಇರಬೇಕಾಗುವುದು. ಎಂಜಿನ್ನಿನ ತಡೆಯನ್ನು ಕಳೆದುಕೊಂಡ ಹೊರೆಗಾಡಿಯ ಭಾರವೆಲ್ಲ ಬ್ರೇಕಿನ ಮೇಲೆ ಬಿದ್ದು, ಅದು ಕಾದು ಸೋತಾಗ ಗಾಡಿಯನ್ನು ನಿಲ್ಲಿಸುವ ಉಪಾಯವೇ ಉಳಿಯದು. ಉಳಿತಾಯವೂ ಇಲ್ಲ, ಕ್ಷೇಮವೂ ಇಲ್ಲ. ಅಪಘಾತಗಳಿಗೆ ಹೆಸರಾದ ಆ ಘಾಟಿಯಲ್ಲಿ ಇಳಿಯುವ ಪ್ರತಿಯೊಬ್ಬ ಚಾಲಕನೂ ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಬೇಡಿಕೊಳ್ಳುತ್ತೇನೆ.

ನೆಲ, ಗಾಳಿ, ಏರುಗಳಲ್ಲದೆ ನಿಂತಲ್ಲಿಯೇ ಡೀಸೆಲನ್ನು ನುಂಗುವ ಮತ್ತೊಂದು ಸಂಗತಿಯಿದೆ. ಸುಗ್ಗಿಯ ದಿನಗಳಲ್ಲಿ ಮಾರುಕಟ್ಟೆಯ ಹೊರಗೆ ಸಾಲುಗಟ್ಟಿದ ಗಾಡಿಗಳು ಎಂಜಿನ್ನನ್ನು ಆರಿಸದೆ ಕಾಯುತ್ತಿರುವುದನ್ನು ಯಾರು ಬೇಕಾದರೂ ಕಾಣಬಹುದು. ಪಿಕಪ್ಪಿನ ಎಂಜಿನ್ನು ಹಾಗೆ ನಿಂತೇ ಒಂದು ಗಂಟೆಗೆ ಅರ್ಧ ಲೀಟರಿನ ಆಸುಪಾಸು ಕುಡಿಯುವುದು. ಸಾಲು ಮುಂದುವರಿಯುವವರೆಗೆ ಕೀಲಿ ತಿರುಗಿಸಿ ಆರಿಸುವುದು ಚಾಲಕನ ಕೈಯಲ್ಲಿದೆ; ಸಾಲನ್ನೇ ಕಿರಿದುಗೊಳಿಸುವುದು ಮಾರುಕಟ್ಟೆಯನ್ನು ನಡೆಸುವವರ ಕರ್ತವ್ಯ.

ಗಾಡಿಯನ್ನು ತುಂಬಿಸಿ ಓಡಿಸಬೇಕೆಂದ ಮಾತ್ರಕ್ಕೆ ಮಿತಿಮೀರಿ ಹೇರಬೇಕೆಂದು ಅರ್ಥವಲ್ಲ. ಅತಿಭಾರವು ಟೈರನ್ನೂ ಪಟ್ಟಾವನ್ನೂ ಬ್ರೇಕನ್ನೂ ಸವೆಸುವುದಲ್ಲದೆ, 2019ರ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯಂತೆ 20,000 ರೂಪಾಯಿ ದಂಡಕ್ಕೂ, ಮೇಲೆ ಹೆಚ್ಚಾದ ಪ್ರತಿ ಟನ್ನಿಗೆ 2,000 ರೂಪಾಯಿಗೂ ಗುರಿಮಾಡುವುದು. ಹೇಳಬೇಕಾದುದು ಇಷ್ಟೆ: ಅಕ್ಕಪಕ್ಕದ ತೋಟದವರು 40 ಬಾಕ್ಸಿಗೊಂದು, 50 ಬಾಕ್ಸಿಗೊಂದು ಗಾಡಿ ಕರೆಸುವ ಬದಲು ಒಂದೇ ಗಾಡಿಯನ್ನು ಅದರ ಮಿತಿಯವರೆಗೆ ತುಂಬಿಸಲಿ. ಹಾಗೆಯೇ ಕೋಲಾರದಿಂದ ಹಿಂದಿರುಗುವ ಗಾಡಿಗೆ ಗೊಬ್ಬರವೋ, ಸಸಿಯೋ, ಹಿಂಡಿಯೋ ದೊರೆಯುವಂತೆ ಮಂಡಿಯವರು ಮತ್ತು ಸಹಕಾರ ಸಂಘಗಳು ಒಂದು ಏರ್ಪಾಡನ್ನು ಮಾಡಲಿ. ಖಾಲಿಯಾಗಿ ಓಡಿದ ಕಿಲೋಮೀಟರೇ ಅತ್ಯಂತ ದುಬಾರಿಯಾದ ಕಿಲೋಮೀಟರು.

2023ರ ಜುಲೈ ತಿಂಗಳಲ್ಲಿ ಕೋಲಾರದಲ್ಲಿ 15 ಕಿಲೋ ಟೊಮೆಟೊ ಬಾಕ್ಸಿನ ಬೆಲೆ 2,000 ರೂಪಾಯಿಯನ್ನು ದಾಟಿದಾಗ ಅರ್ಧ ಲೀಟರ್ ಡೀಸೆಲನ್ನು ಎಣಿಸುವ ಅಗತ್ಯ ಯಾರಿಗೂ ಇರಲಿಲ್ಲ. ಆದರೆ ಬಿಡಿಸಿದ ಕೂಲಿಯೂ ಸಾಗಿಸಿದ ಬಾಡಿಗೆಯೂ ಹುಟ್ಟದೆ ಹಣ್ಣನ್ನು ರಸ್ತೆಯ ಬದಿಗೆ ಸುರಿದ ವರ್ಷಗಳನ್ನೂ ಈ ಜಿಲ್ಲೆ ಕಂಡಿದೆ. ಅಂಥ ದಿನಗಳಲ್ಲಿ ಬಾಕ್ಸಿನ ಮೇಲಿನ ಬಾಡಿಗೆ ಮೂರು ರೂಪಾಯಿ ಇಳಿದರೂ, ಹಣ್ಣನ್ನು ಬಿಡಿಸಬೇಕೋ ಗಿಡದಲ್ಲಿಯೇ ಬಿಡಬೇಕೋ ಎಂಬ ನಿರ್ಧಾರ ಆ ಮೂರು ರೂಪಾಯಿಯನ್ನು ಅವಲಂಬಿಸಬಹುದು. ಬೆಲೆ ನಮ್ಮ ಕೈಯಲ್ಲಿಲ್ಲ, ಮಳೆಯೂ ನಮ್ಮ ಕೈಯಲ್ಲಿಲ್ಲ; ಟೈರಿನ ಗಾಳಿ, ಗಾಡಿಯ ವೇಗ, ಹೊರೆಯ ಜೋಡಣೆ, ನೆರೆಯವನೊಡನೆ ಹಂಚಿಕೊಂಡ ಬಾಡಿಗೆ, ಇವಿಷ್ಟು ಇವೆ. ಪ್ರತಿ ಗಾಡಿಯಲ್ಲೂ ಒಂದು ಪುಸ್ತಕವನ್ನಿಟ್ಟು, ಹಾಕಿಸಿದ ಡೀಸೆಲು ಮತ್ತು ಮುಟ್ಟಿಸಿದ ಬಾಕ್ಸು, ಈ ಎರಡು ಅಂಕಿಗಳನ್ನು ಒಂದು ಸುಗ್ಗಿಯುದ್ದಕ್ಕೂ ಬರೆದಿಟ್ಟರೆ, ಮುಂದಿನ ಸುಗ್ಗಿಗೆ ಬಾಡಿಗೆಯನ್ನು ಗೊತ್ತುಮಾಡುವಾಗ ಗಾಡಿಯವನೂ ತೋಟದವನೂ ಊಹೆಯನ್ನು ಬಿಟ್ಟು ಲೆಕ್ಕವನ್ನೇ ಮುಂದಿಟ್ಟುಕೊಂಡು ಮಾತನಾಡಬಹುದು.